ಲಕ್ವಾ ಹೊಡೆದಾಗ ಹೆಪ್ಪೋ, ರಕ್ತಸ್ರಾವವೋ: ಬರೀ ನೋಡಿ ಹೇಳಬಹುದೇ?

ನೀವು ಬರೆದದ್ದು: ಜಗಳೂರು ಕಡೆಯ ಹಳ್ಳಿ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆ ಅಪ್ಪನ ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ನಿಂತಿತು, ಒಂದು ಸಲ ವಾಂತಿಯಾಯಿತು. ಎಚ್ಚರವಾಗೇ ಇದ್ದರು. ಬಿಪಿ 190/110. ಊರಿನ ಡಾಕ್ಟರು ಆಸ್ಪಿರಿನ್ ಕೊಡಲಿಲ್ಲ, ಬಿಪಿ ಇಳಿಸಲಿಲ್ಲ, ತಲೆಯ ಸಿಟಿ ಸ್ಕ್ಯಾನ್ ಆಗಲಿ ಎಂದು ದಾವಣಗೆರೆಗೆ ಕಳಿಸಿದರು. ಅನುಭವಸ್ಥರಿಗೆ ನೋಡಿದರೇ ಗೊತ್ತಾಗಬೇಕಿತ್ತಲ್ಲ ಎಂಬುದು ನಿಮ್ಮ ಸಿಟ್ಟು.

ಗೊತ್ತಾಗುವುದಿಲ್ಲ. ದಾವಣಗೆರೆಯಲ್ಲಿ ಕ್ಯಾಶುವಾಲ್ಟಿಗೆ ಬರುವ ಲಕ್ವಾ ಕೇಸುಗಳನ್ನು ನೋಡುವ ಫಿಜಿಶಿಯನ್ ನಾನು. ಬಲಗೈ ಬಲಗಾಲು ಬಿದ್ದು ಮಾತು ಹೋಗಿದೆ ಎಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ ಅಂತ ಹಾಸಿಗೆ ಪಕ್ಕ ನಿಂತೇ ಹೇಳಬಲ್ಲೆ. ಆದರೆ ಆ ಜಾಗ ಕೆಟ್ಟದ್ದು ಹೆಪ್ಪು ಕೂತು ರಕ್ತನಾಳ ಕಟ್ಟಿಕೊಂಡಿದ್ದಕ್ಕೋ, ನಾಳ ಒಡೆದು ರಕ್ತ ಸೋರಿದ್ದಕ್ಕೋ ಎಂಬುದನ್ನು ಕೈಕಾಲು ಹೇಳುವುದಿಲ್ಲ. ಎರಡರಲ್ಲೂ ಅದೇ ಕೈ, ಅದೇ ಕಾಲು.

ಅಂದಾಜು ಮಾಡಲು ಸುಳಿವುಗಳಿವೆ, ಇಲ್ಲವೆಂದಲ್ಲ. ಜೋರು ತಲೆನೋವು, ವಾಂತಿ, ನೋಡನೋಡುತ್ತಲೇ ಮಂಪರು ಏರುವುದು, ಇವು ರಕ್ತಸ್ರಾವದ ಕಡೆ ವಾಲುತ್ತವೆ. ಹೋದ ವಾರ ಐದು ನಿಮಿಷ ಕೈ ಸ್ವಾಧೀನ ತಪ್ಪಿ ತಾನಾಗೇ ಸರಿಹೋಗಿತ್ತು ಎಂದರೆ, ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ, ಹೆಪ್ಪಿನ ಕಡೆ. ಇವನ್ನೆಲ್ಲ ಅಂಕಿಗೆ ಇಳಿಸಿದ ಒಂದು ಲೆಕ್ಕವೂ ಇದೆ. 1991ರಲ್ಲಿ ಥಾಯ್ಲೆಂಡಿನ ವೈದ್ಯರು ಪ್ರಕಟಿಸಿದ ಸಿರಿರಾಜ್ ಸ್ಕೋರ್. ಮಂಪರಿದ್ದರೆ 2.5, ಪೂರ್ತಿ ಪ್ರಜ್ಞೆ ತಪ್ಪಿದ್ದರೆ 5, ವಾಂತಿಗೆ 2, ಎರಡು ಗಂಟೆಯೊಳಗೆ ತಲೆನೋವು ಬಂದಿದ್ದರೆ 2, ಕೆಳಗಿನ ಬಿಪಿಯ (190/110 ಎಂದರೆ 110ರ) ಹತ್ತನೇ ಒಂದು ಭಾಗ. ಇಷ್ಟನ್ನು ಕೂಡಿಸಿ, ಸಕ್ಕರೆ ಕಾಯಿಲೆ, ಎದೆನೋವು ಅಥವಾ ನಡೆದರೆ ಮೀನಖಂಡ ಹಿಡಿದುಕೊಳ್ಳುವ ತೊಂದರೆ ಇದ್ದರೆ 3 ಕಳೆಯಬೇಕು. ಕೊನೆಗೆ ಎಲ್ಲರಿಗೂ 12 ಕಳೆಯಬೇಕು. ಉತ್ತರ 1ಕ್ಕಿಂತ ಮೇಲೆ ಬಂದರೆ ರಕ್ತಸ್ರಾವ, ಮೈನಸ್ 1ಕ್ಕಿಂತ ಕೆಳಗೆ ಬಂದರೆ ಹೆಪ್ಪು, ನಡುವೆ ಬಂದರೆ ಹೇಳಲಾಗದು, ಸಿಟಿ ಮಾಡಿಯೇ ನೋಡಬೇಕು.

ನಿಮ್ಮ ಅಪ್ಪನದನ್ನೇ ಹಾಕಿ ನೋಡೋಣ. ವಾಂತಿಗೆ 2, ಬಿಪಿಗೆ 11, ಒಟ್ಟು 13. 12 ಕಳೆದರೆ 1, ಎತ್ತಲೂ ಅಲ್ಲ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೀವು ಬರೆದಿಲ್ಲ; ಇದ್ದರೆ ಮೈನಸ್ 2, ಹೆಪ್ಪು. ತಲೆನೋವು? ಮಾತೇ ನಿಂತವರನ್ನು ಯಾರು ಕೇಳಬೇಕು, ಅವರು ಹೇಗೆ ಹೇಳಬೇಕು? ಸಕ್ಕರೆ ಕಾಯಿಲೆ ಇಲ್ಲದೆ ತಲೆನೋವಿತ್ತು ಎಂದಿಟ್ಟುಕೊಂಡರೆ 3, ರಕ್ತಸ್ರಾವ. ಅದೇ ಮನುಷ್ಯ, ಅದೇ ಮಂಚ, ಮೂರು ಉತ್ತರ. ಎಲ್ಲ ವಿವರ ಸಿಕ್ಕಾಗಲೂ ಈ ಲೆಕ್ಕ ಕೈಕೊಡುತ್ತದೆ. ಮೆದುಳಿನ ಆಳದಲ್ಲಿ ಚಿಕ್ಕದಾಗಿ ರಕ್ತ ಸೋರಿದವರು ತಲೆನೋವಿಲ್ಲದೆ, ವಾಂತಿಯಿಲ್ಲದೆ ಆಟೋದಿಂದ ಇಳಿದು ನಡೆದೇ ಬಂದಾರು. ಹಿಂದಿನ ಸಣ್ಣ ಮೆದುಳಿಗೆ ಹೆಪ್ಪು ಕೂತವರು ಮೇಲಿಂದ ಮೇಲೆ ವಾಂತಿ ಮಾಡಿಕೊಳ್ಳುತ್ತಾರೆ.

ಬಿಪಿ 190 ಇದ್ದದ್ದೂ ರಕ್ತಸ್ರಾವಕ್ಕೆ ಸಾಕ್ಷಿಯಲ್ಲ. ಎರಡು ಬಗೆಯಲ್ಲೂ ಆ ಹೊತ್ತಿಗೆ ಬಿಪಿ ಏರುತ್ತದೆ. ಹೆಪ್ಪಾಗಿದ್ದರೆ ಸುತ್ತಲಿನ ಮೆದುಳು ಆ ಒತ್ತಡದಿಂದಲೇ ಅಷ್ಟಿಷ್ಟು ರಕ್ತ ಪಡೆಯುತ್ತಿರುತ್ತದೆ. ನಾಲಿಗೆ ಕೆಳಗೆ ಗುಳಿಗೆ ಇಟ್ಟು ಧಡಕ್ಕನೆ ಇಳಿಸಿದರೆ ಅದೂ ಹೋಯಿತು. ಆಸ್ಪಿರಿನ್ ಅಂತೂ ಕಟ್ಟಿದ ಹೆಪ್ಪನ್ನು ಕರಗಿಸುವ ಮಾತ್ರೆಯೇ ಅಲ್ಲ, ಮತ್ತೆ ಕಟ್ಟದ ಹಾಗೆ ತಡೆಯುತ್ತದೆ ಅಷ್ಟೆ. ಒಂದೆರಡು ಗಂಟೆ ತಡವಾದರೆ ನಷ್ಟವಿಲ್ಲ, ರಕ್ತಸ್ರಾವದಲ್ಲಿ ಕೊಟ್ಟರೆ ಅಪಾಯ. ನಿಮ್ಮ ಊರಿನ ಡಾಕ್ಟರು ಸುಮ್ಮನಿದ್ದದ್ದೇ ಚಿಕಿತ್ಸೆ.

ಊರಲ್ಲೇ ಮಾಡಬೇಕಾದ ಪರೀಕ್ಷೆ ಒಂದಿದೆ: ಬೆರಳು ಚುಚ್ಚಿ ಸಕ್ಕರೆ ನೋಡುವುದು. ಸಕ್ಕರೆ ತೀರಾ ಇಳಿದರೆ ಥೇಟ್ ಲಕ್ವಾದ ಹಾಗೆ ಕೈಕಾಲು ಬೀಳಬಹುದು; ಗ್ಲೂಕೋಸ್ ಏರಿಸಿದರೆ ಎದ್ದು ಕೂರುತ್ತಾರೆ. ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ: ಬಾಣಂತಿಗೆ ದಿನಗಟ್ಟಲೆ ತಲೆನೋವಿದ್ದು, ಫಿಟ್ಸ್ ಬಂದು, ಒಂದು ಕೈ ಸೋತರೆ ಅದು ಮೆದುಳಿನ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ವಾಪಸ್ ಹೃದಯಕ್ಕೆ ಒಯ್ಯುವ ನಾಳದಲ್ಲಿ, ಹೆಪ್ಪುಗಟ್ಟಿದ್ದಿರಬಹುದು. ಅಲ್ಲಿ ಮೇಲಿನ ಲೆಕ್ಕ ನಡೆಯುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಈ ಹೆಪ್ಪಿಗೆ ದಾರಿ, ಅದಕ್ಕೇ ಬಾಣಂತಿಗೆ ನೀರು ಕೊಡಬಾರದು ಎನ್ನುವ ಅಜ್ಜಿಯರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ, ಆ ಕ್ಷಣದಿಂದಲೇ. ಹೆಪ್ಪಾದರೆ ಮೊದಲ ಕೆಲವು ಗಂಟೆ ಚಿತ್ರ ನಾರ್ಮಲ್ ಇರಬಹುದು. "ಸ್ಕ್ಯಾನ್‌ನಲ್ಲಿ ಏನೂ ಇಲ್ಲ" ಎಂದು ವಾಪಸ್ ಹೊರಡಬೇಡಿ, ರಕ್ತ ಇಲ್ಲ ಎಂಬುದೇ ನಮಗೆ ಬೇಕಾದ ಉತ್ತರ. ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ, ಅದೂ ಆಸ್ಪತ್ರೆಯಲ್ಲಿ ಬಿಪಿಯನ್ನು ನಿಗಾ ಇಟ್ಟು 185/110ಕ್ಕಿಂತ ಕೆಳಗೆ ತಂದ ಮೇಲೆ. ಗಡಿಯಾರ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ. ಹಲ್ಲುಜ್ಜುವಾಗ ಆಯಿತು ಅಂದಿದ್ದೀರಿ, ಒಳ್ಳೆಯದಾಯಿತು; ಎದ್ದಾಗಲೇ ಕೈ ಬಿದ್ದಿದ್ದರೆ ರಾತ್ರಿ ಮಲಗಿದ ಗಂಟೆಯನ್ನೇ ಹಿಡಿಯಬೇಕಿತ್ತು.

ಇನ್ನು ಯಾರಿಗಾದರೂ ಹೀಗಾದರೆ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ದಿನಾ ನುಂಗುವ ಮಾತ್ರೆಗಳ ಚೀಟಿ ಜೇಬಿಗೆ ಹಾಕಿಕೊಳ್ಳಿ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನು ಮೊದಲು ಹೇಳಿ. 108 ಬರುವಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಸಿಟಿ ಈಗ ನಡೆಯುತ್ತಿದೆಯಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ. ಎರಡಕ್ಕೂ ಹೌದು ಅಂದಲ್ಲಿಗೇ ನೇರ ಹೋಗಿ.