‘ಫೈನ್’ ಎಂದರೆ ಹೊಗಳಿಕೆಯೋ, ಬರೀ ‘ಪರವಾಗಿಲ್ಲ’ವೋ?

ನಿಮ್ಮ ಪ್ರಶ್ನೆ ಇದು: ನೀವು ಬರೆದುಕೊಟ್ಟ ವರದಿ ನೋಡಿ ಮೇಲಧಿಕಾರಿ ‘ಇಟ್ಸ್ ಫೈನ್’ ಎಂದರು. ನಿಘಂಟು ತೆರೆದರೆ ಫೈನ್ ಎಂಬುದಕ್ಕೆ ಉತ್ತಮ, ಶ್ರೇಷ್ಠ, ಸೊಗಸಾದ ಎಂದೆಲ್ಲ ಅರ್ಥವಿದೆ. ಆದರೆ ಅವರ ಮುಖದಲ್ಲಿ ಮೆಚ್ಚುಗೆಯೇ ಕಾಣಲಿಲ್ಲ. ಹಾಗಾದರೆ ಹೊಗಳಿದರೋ, ಇಲ್ಲವೋ?

ಹೊಗಳಲಿಲ್ಲ, ತೆಗಳಲೂ ಇಲ್ಲ. ವರದಿ ಪರವಾಗಿಲ್ಲ, ಹೀಗೇ ಕಳಿಸಬಹುದು ಅಂದರು, ಅಷ್ಟೆ. ನಿಘಂಟಿನಲ್ಲಿರುವುದೂ ಸರಿಯೇ. ಆದರೆ ಈ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅದರ ತೂಕ ಬದಲಾಗುತ್ತದೆ, ಅದು ನಿಘಂಟಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

‘ದಿಸ್ ಈಸ್ ಎ ಫೈನ್ ರಿಪೋರ್ಟ್’ ಎಂದಿದ್ದರೆ ನೀವು ಧಾರಾಳವಾಗಿ ಹಿಗ್ಗಬಹುದಿತ್ತು. ನಾಮಪದದ ಮುಂದೆ ಬಂದಾಗ ಫೈನ್ ಸಾಮಾನ್ಯವಾಗಿ ತುಂಬು ಹೊಗಳಿಕೆಯೇ: ಎ ಫೈನ್ ಸಿಂಗರ್ ಅಂದರೆ ನುರಿತ, ಒಳ್ಳೆಯ ಗಾಯಕಿ. ಅದೇ ಗಾಯಕಿಗೆ ಕಛೇರಿ ಮುಗಿದ ಮೇಲೆ ‘ಯುವರ್ ಸಿಂಗಿಂಗ್ ವಾಸ್ ಫೈನ್’ ಅಂದು ನೋಡಿ, ಪೆಚ್ಚಾಗುತ್ತಾರೆ. ಹಾಡು ಕೆಟ್ಟಿರಲಿಲ್ಲ ಅಂದ ಹಾಗಾಯಿತು. ‘ಫೈನೆಸ್ಟ್’ ಆದಾಗಲಂತೂ ಅನುಮಾನಕ್ಕೇ ಜಾಗವಿಲ್ಲ. 1940ರ ಜೂನ್ 18ರಂದು ಚರ್ಚಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ ‘ದಿಸ್ ವಾಸ್ ದೇರ್ ಫೈನೆಸ್ಟ್ ಅವರ್’ ಎಂದು ಭಾಷಣ ಮುಗಿಸಿದಾಗ ಅದರ ಅರ್ಥ ‘ಪರವಾಗಿಲ್ಲದ ಗಳಿಗೆ’ ಎಂದಲ್ಲವಲ್ಲ! ಒಂದು ಎಚ್ಚರ: ‘ಎ ಫೈನ್ ಮೆಸ್’ (ಇಲ್ಲಿ ಮೆಸ್ ಅಂದರೆ ಅವಾಂತರ) ಎಂಬಂಥ ಕಡೆ ಮಾತ್ರ ಅದು ಕುಹಕ. ಅಲ್ಲಿ ನಾಮಪದವೇ ಕೆಟ್ಟದ್ದಾದ್ದರಿಂದ ಗೊತ್ತಾಗಿಬಿಡುತ್ತದೆ.

ಕ್ರಿಯಾಪದದ ನಂತರ ಬರುವ ಫೈನ್‌ಗೆ ನಮ್ಮ ‘ಪರವಾಗಿಲ್ಲ’ದಷ್ಟು ಹತ್ತಿರದ ಪದ ನನಗೆ ಇನ್ನೊಂದು ಸಿಕ್ಕಿಲ್ಲ. ಯಾರೋ ಕಾಲು ತುಳಿದು ಸಾರಿ ಅಂದರೆ ‘ದಟ್ಸ್ ಫೈನ್’, ಪರವಾಗಿಲ್ಲ ಬಿಡಿ. ಸಭೆಯನ್ನು ನಾಳೆಗೆ ಹಾಕೋಣವೇ ಎಂದು ಕೇಳಿದರೆ ‘ಫೈನ್ ವಿತ್ ಮಿ’, ನನಗೇನೂ ಅಡ್ಡಿಯಿಲ್ಲ. ಇನ್ನೂ ಸ್ವಲ್ಪ ಬಡಿಸಲೇ ಅಂದಾಗ ‘ಐಯಾಮ್ ಫೈನ್, ಥ್ಯಾಂಕ್ಸ್’ ಎಂದರೆ ಬೇಡ ಎಂದೇ ಅರ್ಥ. ಹೊಸಬರು ಇಲ್ಲಿ ಎಡವುವುದನ್ನು ನಾನು ಬಹಳ ನೋಡಿದ್ದೇನೆ. ಆರೋಗ್ಯ ಚೆನ್ನಾಗಿದೆ ಎಂಬ ಉತ್ತರ ಬಂತೆಂದುಕೊಂಡು ಮತ್ತೆ ಬಡಿಸಲು ಹೋಗುತ್ತಾರೆ.

ಆರೋಗ್ಯದ ವಿಷಯಕ್ಕೇ ಬಂದರೆ, ‘ಐಯಾಮ್ ವೆರಿ ಫೈನ್’ ಎನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಈ ಅರ್ಥದಲ್ಲಿ ಫೈನ್‌ಗೆ ಹೆಚ್ಚು ಕಡಿಮೆ ಇಲ್ಲ, ಆದ್ದರಿಂದ ‘ವೆರಿ’ ಹೊಂದುವುದಿಲ್ಲ. ‘ವೆರಿ ವೆಲ್’ ಎನ್ನಿ. ನಿನ್ನೆಗಿಂತ ಇವತ್ತು ವಾಸಿ ಎನ್ನಲು ‘ಫೈನರ್’ ಬೇಡ, ‘ಬೆಟರ್’ ಇದೆ. ಹುಷಾರಿಲ್ಲ ಎನ್ನಲು ‘ನಾಟ್ ವೆಲ್’. ಒತ್ತಿ ಹೇಳಲೇಬೇಕಾದರೆ ‘ಪರ್ಫೆಕ್ಟ್‌ಲಿ ಫೈನ್’ ನಡೆಯುತ್ತದೆ.

ದನಿಯೂ ಮುಖ್ಯ. ಮೆಸೇಜಿನಲ್ಲಿ ‘ಫೈನ್’ ಎಂಬ ಒಂದೇ ಪದ ಬರೆದು ಪೂರ್ಣವಿರಾಮ ಇಟ್ಟರೆ ‘ಆಯ್ತು, ನಿನ್ನಿಷ್ಟ’ ಎಂದು ಮುಖ ತಿರುಗಿಸಿದಂತೆ ಓದಿಕೊಳ್ಳುವವರಿದ್ದಾರೆ. ‘ದಟ್ಸ್ ಫೈನ್’ ಎಂದು ಎರಡು ಪದ ಬರೆದರೆ ಆ ಬಿರುಸು ಎಷ್ಟೋ ಇಳಿಯುತ್ತದೆ.

ಹಾಗಾದರೆ ನುಣ್ಣನೆಯ ಪುಡಿ, ತೆಳು ನೂಲು, ಕರಾರುಪತ್ರದ ಸಣ್ಣಕ್ಷರ, ಇವೆಲ್ಲಕ್ಕೂ ಇದೇ ಪದ ಹೇಗೆ ಬಂತು? ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಮೂಲ ಲ್ಯಾಟಿನ್ನಿನ ‘ಫಿನಿಸ್’, ಅಂದರೆ ಕೊನೆ, ಎಲ್ಲೆ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರುವ ಹೊತ್ತಿಗೆ ಗುಣದಲ್ಲಿ ಕೊನೆ ಮುಟ್ಟಿದ್ದು, ಇನ್ನು ಶುದ್ಧಿ ಮಾಡಲು ಏನೂ ಉಳಿಯದ್ದು ಎಂಬ ಅರ್ಥ ಕೂಡಿಕೊಂಡಿತ್ತು. ಬಂಗಾರದ ಲೆಕ್ಕದಲ್ಲಿ ಆ ಅರ್ಥ ಇವತ್ತಿಗೂ ಜೀವಂತ: ಫೈನ್ ಗೋಲ್ಡ್ ಎಂದರೆ ಅಪ್ಪಟ ಚಿನ್ನ, 22 ಕ್ಯಾರೆಟ್‌ನ ಫೈನ್‌ನೆಸ್ 916, ಅಂದರೆ 1000 ಪಾಲಿನಲ್ಲಿ 916 ಪಾಲು ಚಿನ್ನ. ಒರಟುತನ ಕಳೆದದ್ದು ನಯ, ನಯವಾದದ್ದು ತೆಳು, ತೆಳುವಾದದ್ದು ಸೂಕ್ಷ್ಮ, ಹೀಗೆ ಅರ್ಥ ಹರಡಿಕೊಂಡಿದೆ. ಗಾಳಿಯ ಮಾಲಿನ್ಯ ಅಳೆಯುವವರು ವ್ಯಾಸ 2.5 ಮೈಕ್ರೋಮೀಟರ್ ಮೀರದ ಕಣಗಳನ್ನು ಫೈನ್ ಪಾರ್ಟಿಕಲ್ಸ್ ಅನ್ನುತ್ತಾರೆ. ಈ ಅರ್ಥದಲ್ಲಿ ‘ವೆರಿ ಫೈನ್’, ‘ಫೈನರ್’ ಎರಡೂ ಸಲೀಸು.

ಕ್ರಿಕೆಟ್ಟಿನ ಫೈನ್ ಲೆಗ್ ಕೂಡ ಇದೇ ಮನೆಯದು. ಎರಡು ವಿಕೆಟ್‌ಗಳನ್ನು ಸೇರಿಸುವ ಗೆರೆಯನ್ನು ಬ್ಯಾಟರ್‌ನ ಹಿಂದಕ್ಕೆ ಎಳೆಯಿರಿ. ಲೆಗ್ ಕಡೆ ಆ ಗೆರೆಗೆ ಕಿರಿದಾದ ಕೋನದಲ್ಲಿ ನಿಂತವನು ಫೈನ್ ಲೆಗ್, ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಂತವನು ಸ್ಕ್ವೇರ್ ಲೆಗ್. ಕಾಮೆಂಟರಿಯಲ್ಲಿ ಚೆಂಡು ‘ಫೈನರ್’ ಹೋಯಿತು ಎಂದರೆ ಆ ಗೆರೆಗೆ ಇನ್ನೂ ಹತ್ತಿರದಿಂದ ಸರಿದು ಹೋಯಿತು ಎಂದು. ದಂಡಕ್ಕೆ ಫೈನ್ ಎನ್ನುವುದರ ಬೇರೂ ಅದೇ ‘ಫಿನಿಸ್’: ವ್ಯಾಜ್ಯ ಕೊನೆಗಾಣಿಸಲು ಕಟ್ಟುತ್ತಿದ್ದ ಹಣ.

ಇನ್ನು ನಿಮ್ಮ ವರದಿ. ಥ್ಯಾಂಕ್ಸ್ ಹೇಳಿ ಕಳಿಸಿಬಿಡಿ. ಬರೀ ಪರವಾಗಿಲ್ಲ ಅನ್ನಿಸಿಕೊಂಡದ್ದು ಮನಸ್ಸಿಗೆ ಸಾಲದಿದ್ದರೆ, ‘ವಾಸ್ ಇಟ್ ಗುಡ್?’ ಎಂದು ಮತ್ತೆ ಕೇಳಬೇಡಿ, ‘ಯೆಸ್, ಫೈನ್’ ಎಂದೇ ಉತ್ತರ ಬರುತ್ತದೆ. ‘ಈಸ್ ದೇರ್ ಎನಿಥಿಂಗ್ ಯೂ ವುಡ್ ಚೇಂಜ್?’ ಎಂದು ಕೇಳಿ. ಆಗ ಅವರು ಯಾವುದಾದರೂ ಒಂದು ಪ್ಯಾರಾ ತೋರಿಸಲೇಬೇಕಾಗುತ್ತದೆ.