ರಾಕಿಮ್ ಅವರ 1997ರ ಆಲ್ಬಂ ಬರುವ ಹೊತ್ತಿಗೇ ಹಳತಾಗಿತ್ತೇ?

ತಮ್ಮ ಜೊತೆಗಾರ ಡಿಜೆ ಎರಿಕ್ ಬಿ. ಅವರಿಂದ ಬೇರೆಯಾದ ಮೇಲೆ ಅಮೆರಿಕದ ರ‍್ಯಾಪರ್ ರಾಕಿಮ್ ಒಬ್ಬರೇ ಹೊರತಂದ ಮೊದಲ ಆಲ್ಬಂ ‘ದಿ ಏಟೀನ್ತ್ ಲೆಟರ್’ ತನ್ನ ಕಾಲಕ್ಕೆ ಹಿಂದುಳಿದದ್ದಾಗಿತ್ತೇ ಎಂದು ತಾವು ಕೇಳಿದ್ದೀರಿ. ಅವರ ಗಾಯನ ಹಿಂದುಳಿದಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಅವರು ತಂದ ಹೊಸತನ ಆ ವೇಳೆಗೆ ಎಲ್ಲರ ಸ್ವತ್ತಾಗಿಬಿಟ್ಟಿತ್ತು, ಅಷ್ಟೇ.

ಎರಿಕ್ ಬಿ. ಜೊತೆಗಿನ 1987ರ ಆಲ್ಬಂ ‘ಪೇಡ್ ಇನ್ ಫುಲ್’ಗೆ ಮೊದಲು ಬಹುತೇಕ ರ‍್ಯಾಪರ್‌ಗಳು ಏರುದನಿಯಲ್ಲಿ ಹಾಡುತ್ತ, ಪ್ರಾಸವನ್ನು ಸಾಲಿನ ಕೊನೆಗೆ ತಂದು ನಿಲ್ಲಿಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದ್ದ, ಜಾನ್ ಕೋಲ್ಟ್ರೇನ್ ಅವರ ಜಾಝ್‌ನಿಂದ ಪ್ರಭಾವಿತರಾಗಿದ್ದ ರಾಕಿಮ್ ದನಿ ತಗ್ಗಿಸಿ, ಸಾಲಿನ ಒಳಗೆಲ್ಲ ಪ್ರಾಸ ಹೆಣೆದು, ವಾಕ್ಯವನ್ನು ತಾಳದ ಆವರ್ತದಾಚೆಗೂ ಹರಿಯಬಿಟ್ಟರು. ನಮ್ಮ ಸರಳ ರಗಳೆಯಲ್ಲಿ ವಾಕ್ಯವು ಪಾದದ ಅಂಚನ್ನು ದಾಟಿ ಸಾಗುವುದನ್ನು ಬಲ್ಲವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ.

ಹತ್ತು ವರ್ಷಗಳ ನಂತರ, ನಾಸ್ ಮೊದಲಾದ ಕಿರಿಯ ರ‍್ಯಾಪರ್‌ಗಳು ಅದೇ ಕೌಶಲವನ್ನು ಕೇಳಿ ಬೆಳೆದು ತಾವೇ ದೊಡ್ಡ ಹೆಸರಾಗಿದ್ದರು. ರೇಡಿಯೊವನ್ನು ಪಫ್ ಡ್ಯಾಡಿ ಅವರ ಥಳುಕಿನ, ಜನಪ್ರಿಯ ಹಳೆಯ ಹಾಡುಗಳ ಮೇಲೆ ಕಟ್ಟಿದ ಕುಣಿತದ ಶೈಲಿ ಆಳುತ್ತಿತ್ತು. ರಾಕಿಮ್ ಅದರ ಬೆನ್ನು ಹತ್ತದೆ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಲಾರ್ಕ್ ಕೆಂಟ್ ಅವರಂಥ ನ್ಯೂಯಾರ್ಕಿನ ಪಳಗಿದ ಸಂಗೀತ ನಿರ್ಮಾಪಕರನ್ನು ಆರಿಸಿಕೊಂಡರು. ಪ್ರೀಮಿಯರ್ ರೂಪಿಸಿದ ‘ಇಟ್ಸ್ ಬೀನ್ ಎ ಲಾಂಗ್ ಟೈಮ್’ ಹಾಡಿನ ಶೀರ್ಷಿಕೆ, 1987ರಲ್ಲಿ ಸ್ವತಃ ರಾಕಿಮ್ ಅವರೇ ‘ಐ ನೋ ಯು ಗಾಟ್ ಸೋಲ್’ ಹಾಡನ್ನು ಆರಂಭಿಸಿದ ಮಾತು. ಈ ಹಾಡಿನಲ್ಲಿಯೂ ಅವರು ಎಲ್ಲಿಯೂ ದನಿ ಏರಿಸುವುದಿಲ್ಲ, ಅವಸರಪಡುವುದಿಲ್ಲ. ಇಡೀ ಆಲ್ಬಂನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಕೊರತೆ ಇರುವುದು ವಸ್ತುವಿನಲ್ಲಿ. ತಾನು ಮರಳಿ ಬಂದೆನೆಂಬ ಘೋಷಣೆಯೇ ಹಾಡಿನಿಂದ ಹಾಡಿಗೆ ಮರುಕಳಿಸುತ್ತದೆ. ಆಲ್ಬಂನ ಹೆಸರು ಕೂಡ (‘ಹದಿನೆಂಟನೆಯ ಅಕ್ಷರ’, ಎಂದರೆ ಇಂಗ್ಲಿಷಿನ R) ಅವರ ಹೆಸರಿನ ಮೊದಲ ಅಕ್ಷರವನ್ನೇ ಸೂಚಿಸುತ್ತದೆ. ‘ಸ್ಟೇ ಎ ವೈಲ್’ನಂಥ ನಯವಾದ ಪ್ರಣಯಗೀತೆ ಅವರ ಗಾಂಭೀರ್ಯಕ್ಕೆ ಒಗ್ಗಿಲ್ಲ. ಹಾಗಿದ್ದೂ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿ, ಅಲ್ಲಿ ಮಾರಾಟಕ್ಕಾಗಿ ಕೊಡುವ ಗೋಲ್ಡ್ ಮನ್ನಣೆ ಪಡೆಯಿತು. ಕೇಳುಗರು ಅವರನ್ನು ಮರೆತಿರಲಿಲ್ಲ. ಇದರ ಇನ್ನೊಂದು ಆವೃತ್ತಿಗೆ ಕಂಪನಿಯವರು ಎರಿಕ್ ಬಿ. ಕಾಲದ ಹಾಡುಗಳ ಡಿಸ್ಕ್ ಒಂದನ್ನು ಸೇರಿಸಿದ್ದು ವ್ಯಾಪಾರಕ್ಕೆ ಜಾಣತನವಿರಬಹುದು, ಆದರೆ ಹೊಸ ಹಾಡುಗಳನ್ನು ಹಳೆಯವುಗಳ ತಕ್ಕಡಿಗೆ ತಾವೇ ಹಾಕಿಕೊಟ್ಟಂತಾಯಿತು. ತಾವು ಕೇಳುವುದಾದರೆ ಆ ಡಿಸ್ಕನ್ನು ಸದ್ಯಕ್ಕೆ ಬದಿಗಿಟ್ಟು, ಪ್ರೀಮಿಯರ್ ಮತ್ತು ಪೀಟ್ ರಾಕ್ ರೂಪಿಸಿದ ಹಾಡುಗಳಿಂದ ಆರಂಭಿಸಿ.