ಒಂದೇ ಕಟ್ಟಡ, ಮೂರು ದಾರಿ: ಬಾಡಿಗೆದಾರರನ್ನು ಬಿಡಿಸುವ ಕೇಸು ಯಾವ ಕೋರ್ಟಿಗೆ?

ರಾಯಚೂರಿನ ಓದುಗರೊಬ್ಬರ ಪತ್ರ ನಮ್ಮ ಮುಂದಿದೆ. ಬಳ್ಳಾರಿಯಲ್ಲಿ ಅವರದೊಂದು ಕಟ್ಟಡವಿದೆ. ಕೆಳಗಿನ ಅಂಗಡಿಗೆ ತಿಂಗಳಿಗೆ 11,000 ಬಾಡಿಗೆ, ಹನ್ನೊಂದು ತಿಂಗಳ ಕರಾರುಪತ್ರ ಮುಗಿದು ಎರಡು ವರ್ಷವಾಗಿದೆ. ಮೇಲಿನ ಮನೆಗೆ 6,500, ಅಲ್ಲಿ ಬರೀ ಬಾಯಿಮಾತು. ಮೆಟ್ಟಿಲ ಕೆಳಗೆ ಆರು ಅಡಿ ಅಗಲ, ಎಂಟು ಅಡಿ ಉದ್ದದ ಬೀಡಾ ಅಂಗಡಿ, ಬಾಡಿಗೆ 1,200. ಇದಲ್ಲದೆ ಸಿರುಗುಪ್ಪ ಕಡೆ ಎರಡು ಎಕರೆ ನೆಲ್ಲಿನ ಗದ್ದೆಯನ್ನು ಎಂಟು ವರ್ಷದಿಂದ ಲೀಜಿಗೆ ಕೊಟ್ಟಿದ್ದಾರೆ. ಈಗ ಎಲ್ಲವೂ ಬೇಕು, ಯಾರೂ ಬಿಡುತ್ತಿಲ್ಲ. "ಒಬ್ಬರು ರಾಯಚೂರು ಕೋರ್ಟ್ ಅಂತಾರೆ, ಒಬ್ಬರು ತಹಶೀಲ್ದಾರ್ ಅಂತಾರೆ. ಎಲ್ಲಾ ಸೇರಿಸಿ ಒಂದೇ ಕೇಸು ಹಾಕಬಾರದೇ?" ಎಂದು ಕೇಳಿದ್ದಾರೆ.

ಹಾಕಲು ಬರುವುದಿಲ್ಲ. ಪ್ರತಿ ಬಾಡಿಗೆದಾರರ ಜೊತೆಗಿನ ವ್ಯವಹಾರ ಬೇರೆ, ಅದಕ್ಕೆ ಅನ್ವಯಿಸುವ ಕಾನೂನೂ ಬೇರೆ.

ಮೊದಲು ಊರಿನ ಪ್ರಶ್ನೆ. ಸ್ಥಿರಾಸ್ತಿಯ ಸ್ವಾಧೀನ ಕೇಳುವ ದಾವೆ ಆಸ್ತಿ ಇರುವ ಕಡೆಯ ಕೋರ್ಟಿನಲ್ಲೇ ಹೂಡಬೇಕು. ಕರಾರುಪತ್ರವನ್ನು ರಾಯಚೂರಿನಲ್ಲಿ ಬರೆದು "ತಕರಾರು ಬಂದರೆ ರಾಯಚೂರು ನ್ಯಾಯಾಲಯ" ಎಂಬ ಸಾಲು ಸೇರಿಸಿದ್ದೀರಿ. ಆ ಸಾಲಿಗೆ ಇಲ್ಲಿ ಬೆಲೆಯಿಲ್ಲ. ಕಾನೂನು ಕೊಡದ ಅಧಿಕಾರವನ್ನು ಇಬ್ಬರು ಒಪ್ಪಿ ಸಹಿ ಮಾಡಿ ಕೊಡಲಾಗದು. ಕಟ್ಟಡಕ್ಕೆ ಬಳ್ಳಾರಿ, ಗದ್ದೆಗೆ ಸಿರುಗುಪ್ಪ ತಾಲ್ಲೂಕು ಯಾವ ಸಿವಿಲ್ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅದು. ಮುಂದೆ ಹೈಕೋರ್ಟಿಗೆ ಹೋದರೂ ನಿಮಗೆ ಧಾರವಾಡ ಪೀಠವೇ. ಕಲಬುರಗಿ ಪೀಠ ರಾಯಚೂರು ಜಿಲ್ಲೆಯ ಕೇಸುಗಳಿಗೆ.

ಬೀಡಾ ಅಂಗಡಿಯಿಂದ ಶುರು ಮಾಡೋಣ, ಏಕೆಂದರೆ ಚಿಕ್ಕದೆಂದು ನೀವು ಒಂದೇ ಸಾಲಿನಲ್ಲಿ ಮುಗಿಸಿದ ಇದೇ ಹೆಚ್ಚು ತೊಡಕಿನದು. ಕರ್ನಾಟಕ ಬಾಡಿಗೆ ಅಧಿನಿಯಮ 1999 ಈಗ ಎಲ್ಲ ಕಟ್ಟಡಗಳಿಗೂ ಅನ್ವಯಿಸುವುದಿಲ್ಲ. ಬಾಡಿಗೆ ತಿಂಗಳಿಗೆ 3,500 ರೂಪಾಯಿ (ಅಧಿನಿಯಮದ ಪಟ್ಟಿಯ ಮೊದಲ ಭಾಗದ ಊರುಗಳಲ್ಲಿ) ಅಥವಾ 2,000 ರೂಪಾಯಿ (ಉಳಿದ ಕಡೆ) ಮೀರಿದರೆ ಅದು ಹೊರಗೆ. ವ್ಯಾಪಾರದ ಜಾಗವಾದರೆ ಪ್ಲಿಂತ್ ಏರಿಯಾ 14 ಚದರ ಮೀಟರ್ ಮೀರಿದರೂ ಹೊರಗೆ. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ. ಟೇಪು ಹಿಡಿಯುವಾಗ ಅನೇಕರು ಒಳಗಿನ ಅಳತೆ ಮಾತ್ರ ತೆಗೆಯುತ್ತಾರೆ. ಪ್ಲಿಂತ್ ಏರಿಯಾದಲ್ಲಿ ಗೋಡೆಯ ದಪ್ಪವೂ ಸೇರುತ್ತದೆ: ಒಳಗೆ 10 × 14 ಅಡಿ, ಅಂದರೆ 140 ಚದರ ಅಡಿ ಇರುವ, ಪ್ರತ್ಯೇಕವಾಗಿ ನಿಂತ ಅಂಗಡಿ, ಸುತ್ತ ಒಂಬತ್ತು ಇಂಚಿನ ಗೋಡೆ ಸೇರಿಸಿದರೆ 178 ಚದರ ಅಡಿ ಆಗುತ್ತದೆ. ಎಂಜಿನಿಯರರಿಂದ ನಕ್ಷೆ ಮಾಡಿಸಿ ಲಗತ್ತಿಸದೆ ಹೋದರೆ ವರ್ಷಗಟ್ಟಲೆ ಇದೊಂದೇ ವಾದ ನಡೆಯುತ್ತದೆ.

ನಿಮ್ಮ ಬೀಡಾ ಅಂಗಡಿ ಹೇಗೆ ಅಳೆದರೂ 14ರ ಒಳಗೆ, ಬಾಡಿಗೆಯೂ ಮಿತಿಯ ಒಳಗೆ. ಆದ್ದರಿಂದ ಬಾಡಿಗೆ ಅಧಿನಿಯಮದ ಅರ್ಜಿಯೇ ಆಗಬೇಕು. "ಅವಧಿ ಮುಗಿದಿದೆ" ಎಂದಷ್ಟೇ ಹೇಳಿದರೆ ಸಾಲದು. 27ನೇ ಕಲಮಿನ ಕಾರಣಗಳಲ್ಲಿ ಒಂದು, ಬಾಡಿಗೆ ಬಾಕಿಯೋ ಸ್ವಂತಕ್ಕೆ ನಿಜವಾಗಿ ಬೇಕಾಗಿದೆಯೋ, ರುಜುವಾತಾಗಬೇಕು. ಇನ್ನೊಂದು ಅಪಾಯವಿದೆ. ಬಾಡಿಗೆದಾರ "ನಾನು ಇವರ ಬಾಡಿಗೆದಾರನೇ ಅಲ್ಲ" ಎಂದರೆ, ಕರಾರುಪತ್ರವೋ ರಸೀದಿಯೋ ಇದ್ದಾಗ ಕೋರ್ಟು ಅದನ್ನು ಮೇಲ್ನೋಟದ ಸಾಕ್ಷ್ಯವೆಂದು ಹಿಡಿದು ಮುಂದುವರಿಯುತ್ತದೆ. ಎರಡೂ ಇಲ್ಲದಿದ್ದರೆ 43ನೇ ಕಲಮಿನಂತೆ ಕೇಸು ಅಲ್ಲಿಗೇ ನಿಲ್ಲಿಸಿ, ಸಿವಿಲ್ ಕೋರ್ಟಿಗೆ ಹೋಗಿ ಸಂಬಂಧ ಸಾಬೀತು ಮಾಡಿಕೊಂಡು ಬನ್ನಿ ಎನ್ನುತ್ತದೆ. ಈ ತಿಂಗಳಿಂದಲೇ ರಸೀದಿ ಕೊಟ್ಟು ಅಡಿಪ್ರತಿಗೆ ಅವರ ಸಹಿ ಪಡೆಯಿರಿ.

ಮೇಲಿನ ಮನೆಯದು ಸರಳ. 6,500 ಬಾಡಿಗೆ ಎಂದರೆ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಕೊಟ್ಟು ಆಮೇಲೆ ದಾವೆ. ಕೋರ್ಟ್ ಫೀಗೆ ಮನೆಯ ಬೆಲೆ ಹಿಡಿಯುವುದಿಲ್ಲ, ದಾವೆ ಹೂಡುವ ಹಿಂದಿನ ಒಂದು ವರ್ಷದ ಬಾಡಿಗೆ ಹಿಡಿಯುತ್ತಾರೆ, ನಿಮ್ಮದು 78,000. ಮೊತ್ತ ಇಷ್ಟಾದ್ದರಿಂದ ಕೆಳಹಂತದ ಸಿವಿಲ್ ಕೋರ್ಟು ಸಾಕು. ಬಾಡಿಗೆ ಮುಗಿಯಿತೇ ಎಂಬುದಷ್ಟೇ ಪ್ರಶ್ನೆಯಾಗಿದ್ದು ಬಾಡಿಗೆ ವಸೂಲಿಯೂ ಸ್ಮಾಲ್ ಕಾಸ್ (ಸಣ್ಣ ಮೊತ್ತದ ದಾವೆಗಳ) ಮಿತಿಯೊಳಗೆ ಬಂದರೆ ಮಾತ್ರ ಆ ಅಧಿಕಾರವಿರುವ ನ್ಯಾಯಾಧೀಶರ ಮುಂದೆ. ನೋಟಿಸ್ ಕೊಟ್ಟ ಮೇಲೆ ಎಂದಿನಂತೆ "ಬಾಡಿಗೆ ಜಮಾ" ಎಂದು ರಸೀದಿ ಬರೆಯಬೇಡಿ. ನೋಟಿಸ್ ಕೈಬಿಟ್ಟಿರಿ ಎಂದು ಎದುರಿನವರು ವಾದಿಸುತ್ತಾರೆ. ಹಕ್ಕು ಕಾಯ್ದಿರಿಸಿ ಪಡೆದ ಬಳಕೆಯ ಪರಿಹಾರ ಎಂದು ಬರೆಯಿರಿ.

ಕೆಳಗಿನ ಅಂಗಡಿಯ ವಿಷಯದಲ್ಲಿ ತಜ್ಞರೂ ಎಡವುತ್ತಾರೆ. ಕೋರ್ಟ್ ಫೀಗೆ ವರ್ಷದ ಬಾಡಿಗೆ 1,32,000. ಆದರೆ ವ್ಯಾಪಾರಕ್ಕಷ್ಟೇ ಬಳಸುವ ಆಸ್ತಿಯ ಕರಾರಿನ ತಕರಾರು ವಾಣಿಜ್ಯ ನ್ಯಾಯಾಲಯದ ಕಾಯ್ದೆಗೆ ಒಳಪಡುತ್ತದೆ, ಅಲ್ಲಿ ಮೌಲ್ಯ ಎಂದರೆ ಆಸ್ತಿಯ ಮಾರುಕಟ್ಟೆ ಬೆಲೆ; ಅದು 3 ಲಕ್ಷ ಮುಟ್ಟಿದರೆ ಸಾಕು, ಕೇಸು ವಾಣಿಜ್ಯ ನ್ಯಾಯಾಲಯಕ್ಕೇ. ಬಳ್ಳಾರಿ ಪೇಟೆಯಲ್ಲಿ ಅಷ್ಟಕ್ಕಿಂತ ಕಡಿಮೆಯ ಅಂಗಡಿ ಎಲ್ಲಿದೆ? ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಅದನ್ನು ಬಿಟ್ಟು ಹೂಡಿದ ದಾವೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತಪ್ಪು ಕೋರ್ಟಿಗೆ ಹಾಕಿದರೆ ದಾವಾಪತ್ರ ವಾಪಸ್ ಬರುತ್ತದೆ, ಸರಿಯಾದ ಕಡೆ ಸಲ್ಲಿಸಬಹುದು. ಆದರೆ ವಿಚಾರಣೆ ಮೊದಲಿನಿಂದ. ಅಲ್ಲಿಯವರೆಗೆ ಆದ ಸಾಕ್ಷಿ ವಿಚಾರಣೆ ನೀರಿಗೆ ಹೋದಂತೆ.

ತಹಶೀಲ್ದಾರರ ಮಾತು ಎಲ್ಲಿಂದ ಬಂತೆಂದರೆ, ಸರ್ಕಾರಿ ಜಾಗ ಮತ್ತು ಪಾಲಿಕೆ ಮಳಿಗೆಗಳಿಂದ. ಅಲ್ಲಿ ಅಧಿಕಾರಿಗಳೇ ನೋಟಿಸ್ ಕೊಟ್ಟು ತೆರವು ಮಾಡಿಸಬಲ್ಲರು. ಖಾಸಗಿ ಬಾಡಿಗೆದಾರರ ಮೇಲೆ ಅವರಿಗೆ ಆ ಅಧಿಕಾರವಿಲ್ಲ, ಪೊಲೀಸರಿಗೂ ಇಲ್ಲ.

ಗದ್ದೆಯ ವಿಷಯ. ಭೂ ಸುಧಾರಣಾ ಕಾಯ್ದೆಯಡಿ ಕೃಷಿ ಭೂಮಿ ಲೀಜಿಗೆ ಕೊಡುವುದಕ್ಕೇ ನಿಷೇಧವಿದೆ, ಹಾಗಾಗಿ "ಲೀಜ್ ಕರಾರು ಮುಗಿದಿದೆ" ಎಂದು ದಾವೆ ಕಟ್ಟಿದರೆ ನಿಮ್ಮ ಬುಡವೇ ಸಡಿಲ. ಪಹಣಿ, ಖರೀದಿ ಪತ್ರದ ಬಲದ ಮೇಲೆ ಮಾಲೀಕತ್ವದಿಂದ ಸ್ವಾಧೀನ ಕೇಳಬೇಕು. ಉಳುವವರು "ನಾನು ಗೇಣಿದಾರ, ಭೂ ನ್ಯಾಯಮಂಡಳಿಗೆ ಕಳಿಸಿ" ಎಂದರೆ ಹೆದರಬೇಡಿ. 133ನೇ ಕಲಮು ಸಿವಿಲ್ ಕೋರ್ಟನ್ನು ತಡೆಯುವುದು 1974ರ ಮಾರ್ಚ್ 1ಕ್ಕೂ ಮುಂಚಿನಿಂದ ಗೇಣಿದಾರನೋ ಅಲ್ಲವೋ ಎಂಬ ಪ್ರಶ್ನೆಗೆ. ಎಂಟು ವರ್ಷದ ಹಿಂದೆ ಬಂದವರಿಗೆ ಆ ವಾದ ಸಿಗುವುದಿಲ್ಲ. 1974ರ ಆಸುಪಾಸಿನ ವರ್ಷಗಳ ಪಹಣಿಯ ಸಾಗುವಳಿ ಕಾಲಂ ತೆಗೆಸಿ ನೋಡಿ, ಅವರ ತಂದೆಯ ಹೆಸರು ಅಲ್ಲಿದ್ದರೆ ಮಾತ್ರ ಲೆಕ್ಕ ಬೇರೆ.

ಪತ್ರದ ಕೊನೆಗೆ "ಅಂಗಡಿಗೆ ಬೀಗ ಹಾಕಿ ಕರೆಂಟ್ ತೆಗೆಸಿದರೆ ತಾನೇ ಹೋಗುತ್ತಾರೆ" ಎಂದಿದ್ದೀರಿ. ದಯವಿಟ್ಟು ಆ ಕೆಲಸ ಮಾಡಬೇಡಿ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹಾಕಬಹುದು. ಆ ದಾವೆಯಲ್ಲಿ ಮಾಲೀಕರು ಯಾರೆಂದು ಕೋರ್ಟು ಕೇಳುವುದಿಲ್ಲ. ಸ್ವಾಧೀನ ಯಾರದಿತ್ತು, ಹೇಗೆ ತಪ್ಪಿತು ಎಂಬುದಷ್ಟೇ ಕೇಳಿ ಅಂಗಡಿಯನ್ನು ಅವರ ಕೈಗೆ ವಾಪಸ್ ಕೊಡಿಸುತ್ತದೆ. ಆ ತೀರ್ಪಿನ ಮೇಲೆ ಅಪೀಲು ಇಲ್ಲ.